ಆರಕ್ಕೆ ಐದು

ಮೊದಲೇ ಹೇಳಿಬಿಡುತ್ತೇನೆ,
ಗುಡಿಸಿ ಎಸೆದದ್ದು ನಾನೇ.
ಫ್ರಿಜ್ಜಿನ ಕಾಲಡಿ ನಾಲ್ಕಾಗಿ ಮಡಚಿಟ್ಟ ಬಸ್ ಟಿಕೆಟ್ಟು,
ಅಂಚು ಕಪ್ಪಿಟ್ಟಿತ್ತು, ಕಸ ಅಂದುಕೊಂಡೆ.
ಹೊಸ ಅಗಸ ಗೋಣಿ ಎತ್ತೆತ್ತಿ ಒಗೆದನಂತಲ್ಲ, ಹಾಗೆ.

ಪೀಟರ್‌ಹೆಡ್ಡಿನಲ್ಲಿ ಆಗ ಡಿಸೆಂಬರ್,
ಮೂರೂವರೆಗೇ ಕತ್ತಲು,
ಚಿಮಣಿಯ ಮೇಲೆ ಕಡಲಹಕ್ಕಿಗಳ ಜಗಳ.
ಮೀನಿನ ಕಾರ್ಖಾನೆ ಬಾಗಿಲೆಳೆದ ಮೇಲೆ
ಐವತ್ತೆರಡಕ್ಕೆ ಹಿಡಿದ ಕೆಲಸ ಇದು:
ಮೂರು ದಿನದ ತರಬೇತಿ, ಒಂದು ನೀಲಿ ಅಂಗಿ,
ಕೊರಳಿಗೆ ನನ್ನದೇ ಮುಖದ ಚೀಟಿ.

ಇನಿಸ್‌ಗೆ ನಲವತ್ತೊಂದು. ಮಾತಾಡುವುದಿಲ್ಲ,
ಹಾಗಂತ ಕಡತ.
ಬಾಡಿಗೆ ಪತ್ರದಲ್ಲಿ ಅವನ ಹೆಸರು,
ಅವನ ಬಾಗಿಲು, ಅವನ ಬೀಗದಕೈ;
ನಾವು ಬಂದು ಹೋಗುವವರು, ದಿನಕ್ಕೆ ಮೂರು ಪಾಳಿ.
ಆ ವರ್ಷ ನಾನು ಹದಿನಾಲ್ಕನೆಯವಳು.

ಟಿಕೆಟ್ಟು ಹೋದ ರಾತ್ರಿಯಿಂದ
ಅವನು ಫ್ರಿಜ್ಜಿನ ಪ್ಲಗ್ಗು ಕೀಳತೊಡಗಿದ.
ನಾನು ಹಾಕುವುದು, ಅವನು ಕೀಳುವುದು,
ಬೆಳಗ್ಗೆ ಹಾಲು ಒಡೆದಿರುವುದು.
ಬರೆದೆ: ಆಹಾರ ಹಾಳು ಮಾಡಿದ.
ಬರೆದೆ: ಕಾರಣವಿಲ್ಲದೆ.
ಐದನೆಯ ರಾತ್ರಿ ಗೋಡೆಗೆ ತಲೆ ಚಚ್ಚಿಕೊಂಡ.
ಆಫೀಸಿಗೆ ಫೋನು ಮಾಡಿದರೆ,
ಪ್ಲಗ್ಗಿಗೆ ಬೀಗದ ಡಬ್ಬಿ ಕಳಿಸುತ್ತೇವೆ ಅಂದರು, ಸೋಮವಾರ.
ಮಾತ್ರೆ ಏರಿಸುವ ಬಗ್ಗೆಯೂ ಏನೋ ಅಂದರು.

ಅದರ ನಡುವೆ ತನಿಖೆ.
ಬಂದಾಕೆ ಒಳ್ಳೆಯವಳೇ, ಬೂಟು ಬಿಚ್ಚಿಟ್ಟು ಒಳಗೆ ಬಂದಳು.
ಬೆಂಕಿ ಆರಿಸುವ ಸಿಲಿಂಡರಿನ ತಾರೀಖು, ಔಷಧದ ಕಪಾಟು,
ಸಹಿಗಳು, ಸಹಿಗಳ ಕೆಳಗೆ ಸಹಿಗಳು.
ಫ್ರಿಜ್ಜನ್ನೂ ತೆರೆದು ನೋಡಿದಳು: ನಾಲ್ಕು ಡಿಗ್ರಿ, ಸರಿಯಿದೆ.
ಆರೈಕೆಯ ಗುಣಮಟ್ಟ: ಆರಕ್ಕೆ ಐದು.
ಮ್ಯಾನೇಜರು ಕೇಕು ತರಿಸಿದರು.
ಇನಿಸ್ ಅಷ್ಟು ಹೊತ್ತೂ ಮೆಟ್ಟಿಲ ಮೇಲೆ,
ಎರಡೂ ಕಿವಿಗೆ ಎರಡೂ ಕೈ.

ಭಾನುವಾರ ರಾತ್ರಿ
ಅವನು ನನ್ನ ಕೋಟಿನ ಜೇಬಿಗೆ ಕೈ ಹಾಕಿದ್ದು ಕಂಡೆ.
ಕಳ್ಳತನ ಅಂತ ಬರೆಯಲು ಪೆನ್ನು ತೆಗೆದದ್ದೂ ನಿಜ.
ಪರ್ಸು ಮುಟ್ಟಲಿಲ್ಲ.
ಬಸ್ ಟಿಕೆಟ್ಟು ತೆಗೆದ. ಮಡಚಿದ. ಮತ್ತೆ ಮಡಚಿದ.
ಉಗುರಿನಿಂದ ಗೀರಿ ಮಡಿಕೆ ಕೂರಿಸಿದ.
ಆಮೇಲೆ ನನ್ನ ಮಣಿಕಟ್ಟು ಹಿಡಿದು,
ಮುಟ್ಟಿದರೆ ಆಗದವನು ಅಂತ ಕಡತದಲ್ಲಿದ್ದವನು,
ನನ್ನ ಅಂಗೈಯನ್ನು ಫ್ರಿಜ್ಜಿನ ಪಕ್ಕೆಗೆ ಒತ್ತಿದ.

ಇಪ್ಪತ್ತಾರು ವರ್ಷ
ಮೀನು ಸೀಳುವ ಯಂತ್ರದ ಪಕ್ಕ ನಿಂತವಳು ನಾನು.
ಸಣ್ಣ ದನಿಗಳನ್ನೆಲ್ಲ ಅಲ್ಲೇ ಬಿಟ್ಟು ಬಂದಿದ್ದೇನೆ,
ಗಂಡ ಮೂರು ಸಲ ಕರೆಯಬೇಕು.
ಕಿವಿಗೆ ಸಿಗದ್ದು ಅಂಗೈಗೆ ಸಿಕ್ಕಿತು:
ಒಂದೇ ಸಮನೆ ನಡುಕ,
ಹಲ್ಲಿನ ಬೇರಿಗೆ ಇಳಿಯುವಂಥದು.
ಹನ್ನೊಂದು ರಾತ್ರಿ ಇದು ಅವನ ತಲೆಯೊಳಗಿತ್ತು,
ಪ್ರತಿ ಸಲವೂ
ನಾನೇ ಎದ್ದು ಹೋಗಿ ಪ್ಲಗ್ಗು ಹಾಕಿ ಬರುತ್ತಿದ್ದೆ.

ಫ್ರಿಜ್ಜಿನ ಮೂಲೆ ಎತ್ತಿ ಹಿಡಿದೆ.
ಅವನು ಬಗ್ಗಿ ಟಿಕೆಟ್ಟು ತೂರಿಸಿದ.
ನಿಂತಿತು.
ಅವನು ಮಲಗಲು ಹೋದ, ಹಿಂದಿರುಗಿ ನೋಡಲಿಲ್ಲ.
ನೋಡಬೇಕೆಂದು ನಾನು ಕಾದದ್ದು ನನ್ನ ಹುಚ್ಚು.

ಮೊದಲು ಅದನ್ನಿಟ್ಟವಳು ರುಟೆಂಡೊ, ಹರಾರೆಯವಳು,
ಈಗ ಆಬರ್ಡೀನಿನ ವೃದ್ಧಾಶ್ರಮದಲ್ಲಿದ್ದಾಳೆ.
ನಂಬರು ಹುಡುಕಿ ಕೇಳಿದೆ, ಕಡತದಲ್ಲಿ ಯಾಕೆ ಬರೆಯಲಿಲ್ಲ?
'ಬರೆದಿದ್ದೆ,' ಅಂದಳು, 'ಅದಕ್ಕೆ ಕಾಲಮ್ಮು ಇಲ್ಲ ಅಂತ ತೆಗೆದರು.'
ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು.
'ಸಾಕ್ಸಿನ ಹೊಲಿಗೆ ಹೊರಗೆ ಬರೋ ಹಾಗೆ ಹಾಕ್ತೀಯ ತಾನೆ?'

ಹಾಕುತ್ತಿರಲಿಲ್ಲ.

ತಡಿ, ಅಂದೆ, ಪೆನ್ನು ತರ್ತೀನಿ.
ಅವಳು ಹೇಳುತ್ತ ಹೋದಳು.
ಹಳೆಯ ಟಿಕೆಟ್ಟುಗಳ ಹಿಂಬದಿ ಮುಗಿದು
ನನ್ನ ಅಂಗೈ ಮೇಲೆ ಬರೆದುಕೊಂಡೆ.